ಯೋಗಕ್ಕೆ ಮತ ಉಂಟೇ? ಅಬಿಡ್ಸ್‌ನಿಂದ ಒಂದು ಹಳೇ ಪ್ರಶ್ನೆ



ಭಾನುವಾರ ಬೆಳಗ್ಗೆ ಅಬಿಡ್ಸ್ ಕಡೆ ಹೋದವರಿಗೆಲ್ಲ ಆ ದೃಶ್ಯ ಗೊತ್ತು. ದೊಡ್ಡ ಅಂಗಡಿಗಳು ಷಟರ್ ಎಳೆದಿರುತ್ತವೆ, ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೇ ಪುಸ್ತಕಗಳ ಸಂತೆ ನೆರೆದಿರುತ್ತದೆ. ಈಚೆಗೆ ಅಲ್ಲಿ ಒಂದು ಸಂಗತಿ ಗಮನಿಸಿದೆ. ಒಬ್ಬ ವ್ಯಾಪಾರಿ ಯೋಗದ ಪುಸ್ತಕಗಳನ್ನು ಭಗವದ್ಗೀತೆ, ಹನುಮಾನ್ ಚಾಲೀಸಾಗಳ ಪಕ್ಕ ಜೋಡಿಸಿದ್ದ. ಹತ್ತು ಹೆಜ್ಜೆ ಆಚೆ ಇನ್ನೊಬ್ಬ ಅದೇ ಪುಸ್ತಕಗಳನ್ನು ಸಕ್ಕರೆ ಕಾಯಿಲೆ, ತೂಕ ಇಳಿಸುವುದು, ಸೊಂಟನೋವು ಇಂಥವುಗಳ ರಾಶಿಗೆ ಸೇರಿಸಿದ್ದ. ಯಾಕಪ್ಪಾ ಹೀಗೆ ಎಂದು ಇಬ್ಬರನ್ನೂ ಕೇಳಲಿಲ್ಲ. ಕೇಳಿದ್ದರೆ ಇಬ್ಬರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಪ್ರಶ್ನೆ ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ನಾವಿರುವ ಕಟ್ಟಡದ ಮಹಡಿಯ ಮೇಲೆ ಬೆಳಗ್ಗೆ ಆರು ಗಂಟೆಗೆ ಯೋಗದ ಕ್ಲಾಸು ನಡೆಯುತ್ತದೆ. ಹತ್ತು ಹನ್ನೆರಡು ಮಂದಿ ಬರುತ್ತೇವೆ. ಮೂರನೇ ಅಂತಸ್ತಿನಲ್ಲಿ ಬೀದರ್ ಕಡೆಯ ಒಬ್ಬ ಹಿರಿಯ ಮುಸ್ಲಿಂ ಹೆಣ್ಣುಮಗಳಿದ್ದಾರೆ. ಎಲ್ಲರೂ ಆಪಾ ಎನ್ನುತ್ತೇವೆ. ನಮ್ಮ ಕನ್ನಡ ಕಾರ್ಯಕ್ರಮ ತಪ್ಪದೆ ಕೇಳುವವರು. ಮೊಣಕಾಲು ನೋವೆಂದು ಅವರೂ ಕ್ಲಾಸಿಗೆ ಸೇರಿದ್ದರು, ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತುವುದು ಸಲೀಸಾಯಿತು ಎಂದು ಎಲ್ಲರ ಮುಂದೆ ಹೇಳುತ್ತಲೂ ಇದ್ದರು. ಅಷ್ಟರಲ್ಲಿ ಮೇಷ್ಟ್ರು ಬದಲಾದರು. ಹೊಸಬರು ಶುರುವಿನಲ್ಲಿ ಎಲ್ಲರಿಂದಲೂ ಗಟ್ಟಿಯಾಗಿ ಶ್ಲೋಕ ಹೇಳಿಸಿ, ಕೈಮುಗಿಸಿ, ಆಮೇಲೆ ಪಾಠಕ್ಕೆ ಹೋಗುವವರು. ಆಪಾ ಎರಡು ದಿನ ಬಂದರು, ಮೂರನೇ ದಿನ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ.

“ನಂಗೇನ್ ಸಿಟ್ಟಿಲ್ಲ ರೀ. ಕಾಲ್ ಎತ್ತು ಅಂದ್ರ ಎತ್ತತೀನಿ, ಉಸ್ರ್ ಹಿಡಿ ಅಂದ್ರ ಹಿಡೀತೀನಿ. ಆದ್ರ ಅದನ್ನ ಬಾಯಿಂದ ಅನ್ನಾಕ ಮನಸ್ ಒಪ್ಪಂಗಿಲ್ಲ,” ಎಂದರು.

ಮೇಷ್ಟ್ರನ್ನು ಕೇಳಿದರೆ, “ಸಾರ್, ಇದು ಧರ್ಮ ಅಲ್ಲ, ಶುದ್ಧ ವಿಜ್ಞಾನ. ಶ್ಲೋಕ ಇಲ್ಲದ ಯೋಗ ಯೋಗವೇ ಅಲ್ಲ,” ಎಂದರು. ಈ ಎರಡು ವಾಕ್ಯ ಒಂದೇ ಉಸಿರಿನಲ್ಲಿ ಬಂದವು. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ ಎಂದು ಮನೆಗೆ ಬಂದು ಯೋಚಿಸಿದೆ. ಕೆಲವು ಹಳೇ ಪುಸ್ತಕ, ಕೋರ್ಟು ತೀರ್ಪುಗಳ ವಿವರ ಹುಡುಕಿದೆ. ಹುಡುಕುತ್ತಾ ಹೋದರೆ ದಾರಿ ಅಮೆರಿಕಕ್ಕೆ ಹೋಗಿ ತಿರುಗಿ ನಮ್ಮ ಮೈಸೂರಿಗೇ ಬಂತು.

ಅಮೆರಿಕದ ಕಥೆಯನ್ನೇ ಮೊದಲು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಎನ್ಸಿನಿಟಾಸ್ ಎಂಬ ಕಡಲತೀರದ ಊರಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2012ರಿಂದ ಮಕ್ಕಳಿಗೆ ಯೋಗ ಕಲಿಸತೊಡಗಿದರು. ಅದಕ್ಕೆ 5,33,000 ಡಾಲರ್ ಅನುದಾನ ಕೊಟ್ಟದ್ದು ಕೆ. ಪಿ. ಜೋಯಿಸ್ ಫೌಂಡೇಶನ್. ಕೆ. ಪಿ. ಜೋಯಿಸ್ ಎಂದರೆ ಹಾಸನದ ಹತ್ತಿರದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬದುಕಿ, 2009ರಲ್ಲಿ ತೀರಿಕೊಂಡ ಪಟ್ಟಾಭಿ ಜೋಯಿಸರು. ಅವರ ‘ಯೋಗಮಾಲಾ’ ಮೊದಲು ಅಚ್ಚಾದದ್ದು ಕನ್ನಡದಲ್ಲಿ, 1962ರಲ್ಲಿ. ಅವರ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಎಷ್ಟು ಹಬ್ಬಿತೆಂದರೆ ‘ಮೈಸೂರು’ ಎಂಬುದೇ ಅಲ್ಲಿ ಒಂದು ಬಗೆಯ ಯೋಗಾಭ್ಯಾಸದ ಹೆಸರಾಗಿಬಿಟ್ಟಿದೆ.

ಅಲ್ಲಿನ ಮಕ್ಕಳಿಬ್ಬರ ತಂದೆತಾಯಿ ಕೋರ್ಟಿಗೆ ಹೋದರು. ಸರ್ಕಾರಿ ಶಾಲೆ ಯಾವ ಮತವನ್ನೂ ಬೋಧಿಸಬಾರದು ಎಂಬುದು ಅಲ್ಲಿನ ಸಂವಿಧಾನದ ನಿಯಮ. ಯೋಗ ಹಿಂದೂ ಧರ್ಮದ ಭಾಗ, ಆದ್ದರಿಂದ ನಿಲ್ಲಿಸಿ ಎಂಬುದು ಅವರ ವಾದ. ಧರ್ಮಗಳ ಅಧ್ಯಯನ ಮಾಡುವ ಪ್ರೊಫೆಸರೊಬ್ಬರು ಅವರ ಪರ ಸಾಕ್ಷಿ ಹೇಳಿದರು. ನ್ಯಾಯಾಧೀಶ ಜಾನ್ ಮೇಯರ್ 2013ರ ಜುಲೈ 1ರಂದು ಕೊಟ್ಟ ತೀರ್ಪು ಕುತೂಹಲಕರವಾಗಿದೆ. ಯೋಗದ ಮೂಲ ಧಾರ್ಮಿಕವೇ, ಅದರಲ್ಲಿ ಅನುಮಾನ ಇಲ್ಲ; ಆದರೆ ಈ ಶಾಲೆಗಳಲ್ಲಿ ಈಗ ಕಲಿಸುತ್ತಿರುವುದು ಧರ್ಮವಲ್ಲ. 2015ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಶಾಲೆಯವರು ಸಂಸ್ಕೃತ ಹೆಸರುಗಳನ್ನೆಲ್ಲ ತೆಗೆದುಹಾಕಿದ್ದರು. ನಮ್ಮ ಪದ್ಮಾಸನಕ್ಕೆ ‘ಕ್ರಿಸ್‌ಕ್ರಾಸ್ ಆಪಲ್‌ಸಾಸ್’ ಎಂಬ ಹೆಸರು ಬಂದಿತ್ತು! ಮಕ್ಕಳ ಪದ್ಯದ ಸಾಲಿನಂಥ ಈ ಹೆಸರು ಕೇಳಿ ನಗು ಬರುತ್ತದೆ ನಿಜ. ಆದರೆ ಪದ್ಮ ಎಂಬ ಹೂವಿನ ಹೆಸರಿಗೂ ಹೆದರುವ ಸ್ಥಿತಿ ಬಂತಲ್ಲಾ ಎಂದು ಸ್ವಲ್ಪ ಬೇಸರವೂ ಆಯಿತು.

ಇದು ಒಂದೇ ಊರಿನ ಕಥೆಯಲ್ಲ. ಅಲಬಾಮಾ ರಾಜ್ಯ 1993ರಲ್ಲಿ ಶಾಲೆಗಳಲ್ಲಿ ಯೋಗವನ್ನೇ ನಿಷೇಧಿಸಿತ್ತು. 2021ರಲ್ಲಿ ನಿಷೇಧ ಹೋಯಿತು, ಆದರೆ ಆಸನಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು, ಮಂತ್ರ ಕೂಡದು, ‘ನಮಸ್ತೇ’ ಅನ್ನಲೂ ಕೂಡದು ಎಂಬ ಷರತ್ತಿನೊಂದಿಗೆ. ಲಂಡನ್ನಿನಲ್ಲಿ ಇಂಥದ್ದೇ ಒಪ್ಪಂದ ಇನ್ನೂ ಹಿಂದೆ ಆಗಿತ್ತು. ಕೋಲಾರ ಸೀಮೆಯ ಬೆಳ್ಳೂರಿನವರಾದ ಬಿ. ಕೆ. ಎಸ್. ಅಯ್ಯಂಗಾರರ ಯೋಗವನ್ನು ಅಲ್ಲಿನ ಶಿಕ್ಷಣ ಇಲಾಖೆ 1969ರ ಸುಮಾರಿಗೆ ವಯಸ್ಕರ ಸಂಜೆ ತರಗತಿಗೆ ಸೇರಿಸಿಕೊಂಡಿತು. ಷರತ್ತು ಒಂದೇ: ಆಸನ, ಪ್ರಾಣಾಯಾಮ ಕಲಿಸಿ, ತತ್ತ್ವಶಾಸ್ತ್ರ ಬೇಡ. ಅಯ್ಯಂಗಾರರು ಹಣೆಗೆ ನಾಮ ಧರಿಸುವ ಶ್ರೀವೈಷ್ಣವರು. ಅವರ ವಿದ್ಯೆ ಹೀಗೆ ಇಲಾಖೆಯೊಂದರ ಕಾಗದದ ಮೇಲೆ ಮತರಹಿತವಾಗಿ, ಅಲ್ಲಿಂದ ಊರೂರಿಗೆ ಹಬ್ಬಿತು.

ಈಗ ಮೈಸೂರಿಗೆ ಬರೋಣ. ಜೋಯಿಸರಿಗೂ ಅಯ್ಯಂಗಾರರಿಗೂ ಗುರು ಒಬ್ಬರೇ, ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದವರು, ನೂರು ವರ್ಷ ತುಂಬಿಸಿ 1989ರಲ್ಲಿ ಹೋದರು. ಮೀಮಾಂಸೆ, ನ್ಯಾಯ, ವೇದಾಂತ ಎಲ್ಲ ಓದಿದ ಕಟ್ಟಾ ಆಚಾರವಂತರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡು, 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ತೆರೆಸಿಕೊಟ್ಟರು. ಅರಸು ಮನೆತನದ ಹುಡುಗರಿಗೆ ಅಲ್ಲಿ ಪಾಠ. ಮಹಾರಾಜರ ಖರ್ಚಿನಲ್ಲೇ ಊರೂರಿನಲ್ಲಿ ಪ್ರದರ್ಶನಗಳೂ ನಡೆದವು. 1934ರಲ್ಲಿ ‘ಯೋಗ ಮಕರಂದ’, 1941ರಲ್ಲಿ ‘ಯೋಗಾಸನಗಳು’ ಬಂದವು. ಇವತ್ತು ನ್ಯೂಯಾರ್ಕಿನಿಂದ ಟೋಕಿಯೋವರೆಗೆ ಹಬ್ಬಿರುವ ಯೋಗದ ಬುಡದಲ್ಲಿರುವ ಈ ಎರಡೂ ಪುಸ್ತಕಗಳು ಮೊದಲು ಬರೆದದ್ದು ಕನ್ನಡದಲ್ಲಿ. ಹೈದರಾಬಾದಿನ ನಾವು ಹೆಮ್ಮೆಪಡಲು ಇನ್ನೇನು ಬೇಕು?

ಆ ಯೋಗಶಾಲೆ ಮಠವಾಗಿರಲಿಲ್ಲ, ಅದು ಮುಖ್ಯ. ಅಲ್ಲಿ ಯಾರೂ ದೀಕ್ಷೆ ತೆಗೆದುಕೊಳ್ಳುತ್ತಿರಲಿಲ್ಲ. ಹುಡುಗರ ಮೈಕಟ್ಟು, ಆರೋಗ್ಯ, ಶಿಸ್ತು ಇದೇ ಗುರಿ. ನಾಲ್ವಡಿಯವರಿಗೆ ವ್ಯಾಯಾಮ ಎಂದರೆ ಇಷ್ಟ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರಿಗೂ ಅರಮನೆಯ ಆಶ್ರಯ ಇತ್ತು. ಹೌದು, ‘ಶಾಂತಲಾ’ ಕಾದಂಬರಿ ಬರೆದ ಅದೇ ಅಯ್ಯರ್. ಅವರು ದೇಹದಾರ್ಢ್ಯದ ಗುರು. 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆಯೇ ಒಂದು ಇಂಗ್ಲಿಷ್ ಪುಸ್ತಕ ಬರೆದರು. ಸೂರ್ಯನಮಸ್ಕಾರವನ್ನು ಈಗಿನ ರೂಪದಲ್ಲಿ, ಶಾಲೆ ಮಕ್ಕಳು ಸಾಲಾಗಿ ನಿಂತು ಮಾಡುವ ಕಸರತ್ತಾಗಿ ಜನಪ್ರಿಯ ಮಾಡಿದ್ದು 1920ರ ದಶಕದಲ್ಲಿ ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜರು. ಸೂರ್ಯನಿಗೆ ಅರ್ಘ್ಯ ಕೊಟ್ಟು ನಮಸ್ಕರಿಸುವುದು ಬಹಳ ಹಳೆಯದು, ಅದನ್ನು ದಂಡ ಹೊಡೆಯುವ ಕಸರತ್ತಿನ ಜೊತೆ ಹೊಸೆದದ್ದು ಹೊಸದು. ಇವತ್ತು ಧರ್ಮದ ಹೆಸರಿನಲ್ಲಿ ಅತಿ ಹೆಚ್ಚು ಜಗಳವಾಗುವುದು ಈ ಸೂರ್ಯನಮಸ್ಕಾರದ ಮೇಲೆಯೇ. ಯೋಗದ ಪಟ್ಟಿಯಲ್ಲಿ ತೀರಾ ಈಚೆಗೆ ಸೇರಿದ್ದೂ ಅದೇ.

ಗರಡಿಯ ವಾಸನೆ ಮೈಸೂರಿನ ಯೋಗಕ್ಕೆ ಇನ್ನೂ ಹಿಂದಿನಿಂದ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಸಚಿತ್ರ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಆಸನಗಳೂ ಅದರಲ್ಲಿವೆ. ಅದೇ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳು, ಚದುರಂಗದಂಥ ಆಟಗಳು ಎಲ್ಲ ಒಟ್ಟಿಗೇ ಇವೆ! ದೇವರ ಮನೆ, ಆಟದ ಮನೆ, ಗರಡಿ ಮನೆ ಬೇರೆ ಬೇರೆ ಪುಸ್ತಕದಲ್ಲಿರಬೇಕು ಎಂದು ಮುಮ್ಮಡಿಯವರಿಗೆ ಅನ್ನಿಸಿರಲಿಲ್ಲ. ನಾರ್ಮನ್ ಶೋಮನ್ ಎಂಬ ವಿದ್ವಾಂಸರು 1996ರಲ್ಲಿ ಈ ಚಿತ್ರಗಳನ್ನು ಪ್ರಕಟಿಸಿ, ಮೈಸೂರು ಯೋಗಕ್ಕೂ ಜಟ್ಟಿಗಳ ಸಾಮಿಗೂ ಇರುವ ನಂಟನ್ನು ತೋರಿಸಿದಾಗ ಕೆಲವರಿಗೆ ಸಿಟ್ಟು ಬಂತು. ಯೋಗ ಐದು ಸಾವಿರ ವರ್ಷ ಹಳೆಯದು, ಗರಡಿಯಿಂದ ಬಂದದ್ದೇ ಎಂದು. ಗರಡಿಯಿಂದ ಬಂದರೆ ಅವಮಾನ ಏಕೋ ನನಗೆ ತಿಳಿಯದು. ನಮ್ಮ ಗರಡಿಯಲ್ಲೂ ಮೊದಲು ಹನುಮಂತನಿಗೆ ಕೈಮುಗಿದೇ ಮಣ್ಣಿಗೆ ಇಳಿಯುತ್ತಾರೆ.

ಹಾಗಾದರೆ ಪತಂಜಲಿ? ಅವನ ಸೂತ್ರಗಳು ಸುಮಾರು 195. ಅವುಗಳಲ್ಲಿ ಆಸನದ ಮಾತು ಬರುವುದು ಬೆರಳೆಣಿಕೆಯಷ್ಟರಲ್ಲಿ, ಅದೂ ಧ್ಯಾನಕ್ಕೆ ನೆಮ್ಮದಿಯಾಗಿ ಕೂರಬೇಕು ಎಂಬ ಅರ್ಥದಲ್ಲಿ. ಶೀರ್ಷಾಸನ, ತ್ರಿಕೋಣಾಸನ ಯಾವುದೂ ಇಲ್ಲ. ಈಶ್ವರನ ಪ್ರಸ್ತಾಪ ಇದೆ. ಆದರೆ ಆ ಈಶ್ವರ ಲೋಕ ಸೃಷ್ಟಿಸುವವನಲ್ಲ, ಪೂಜೆ ಕೇಳುವವನಲ್ಲ. ಕ್ಲೇಶಗಳು ತಾಗದ ಒಬ್ಬ ವಿಶೇಷ ಪುರುಷ, ಅವನಲ್ಲಿ ಮನಸ್ಸಿಡುವುದು ಒಂದು ದಾರಿ ಮಾತ್ರ. ಯೋಗದ ಜೋಡಿ ದರ್ಶನವಾದ ಸಾಂಖ್ಯಕ್ಕೆ ಆ ಈಶ್ವರನೂ ಬೇಕಿಲ್ಲ. ಹಾಗೆಂದು ಇದನ್ನು ಬರೀ ಆರೋಗ್ಯಶಾಸ್ತ್ರ ಎನ್ನಲು ಬರುವುದಿಲ್ಲ. ಅವನ ಗುರಿ ಕೈವಲ್ಯ. ಸೊಂಟನೋವಿನ ಸುದ್ದಿಯೇ ಅವನಿಗಿಲ್ಲ.

ಮಧ್ಯಕಾಲದ ಹಠಯೋಗದವರು ಇನ್ನೂ ಧಾರಾಳಿಗಳು. ಹದಿಮೂರನೇ ಶತಮಾನದ ‘ದತ್ತಾತ್ರೇಯ ಯೋಗಶಾಸ್ತ್ರ’ದಲ್ಲಿ ಒಂದು ಮಾತಿದೆ: ಬ್ರಾಹ್ಮಣನಿರಲಿ, ಬೌದ್ಧನಿರಲಿ, ಜೈನನಿರಲಿ, ಕಾಪಾಲಿಕನಿರಲಿ, ಕೊನೆಗೆ ದೇವರನ್ನೇ ಒಪ್ಪದ ಚಾರ್ವಾಕನಿರಲಿ, ಶ್ರದ್ಧೆಯಿಂದ ಅಭ್ಯಾಸ ಮಾಡಿದರೆ ಸಿದ್ಧಿ ಸಿಗುತ್ತದೆ ಎಂಬ ಅರ್ಥದ್ದು. ಬರೇ ವೇಷ ಹಾಕಿ ಮಾತಾಡುವವನಿಗೆ ಸಿಗದು ಎಂದೂ ಸೇರಿಸಿದ್ದಾರೆ. ಏಳೆಂಟು ನೂರು ವರ್ಷದ ಹಿಂದೆಯೇ ಯಾರೋ ಇದೇ ಪ್ರಶ್ನೆ ಕೇಳಿರಬೇಕು!

ನಮ್ಮ ಕನ್ನಡದಲ್ಲಿ ಈ ವಿಚಾರ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿಗೆ ಗೋರಕ್ಷ ಎದುರಾಗುವ ಪ್ರಸಂಗ ನಿಮಗೆ ನೆನಪಿರಬಹುದು. ಗೋರಕ್ಷ ಹಠಯೋಗದಿಂದ ಮೈಯನ್ನು ವಜ್ರದಂತೆ ಮಾಡಿಕೊಂಡಿದ್ದಾನೆ. ಕತ್ತಿಯಿಂದ ಹೊಡೆದರೆ ಖಣಿಲ್ ಎನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಆಮೇಲೆ ಅವನು ಅಲ್ಲಮನ ಮೇಲೆ ಕತ್ತಿ ಬೀಸಿದರೆ ಅದು ಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಗೋರಕ್ಷ ಬೆರಗಾಗುತ್ತಾನೆ. ದೇಹವನ್ನು ಗಟ್ಟಿ ಮಾಡುವುದೇ ಯೋಗವಲ್ಲ ಎಂದು ಅಲ್ಲಮ ತೋರಿಸಿದ್ದು ಹೀಗೆ. ಅಲ್ಲಿ ಜಗಳ ಇದ್ದದ್ದು ಯೋಗ ನಿಮ್ಮದೋ ನಮ್ಮದೋ ಎಂದಲ್ಲ, ಯಾವ ಯೋಗ ನಿಜ ಎಂದು.

ನಾವು ಡೆಕ್ಕನ್ನಿನವರು ಮರೆಯಬಾರದ ಮತ್ತೊಂದು ಸಂಗತಿ ಇದೆ. 1550ರ ಸುಮಾರಿಗೆ ಮುಹಮ್ಮದ್ ಗೌಸ್ ಗ್ವಾಲಿಯರಿ ಎಂಬ ಸೂಫಿ ಗುರು ‘ಬಹ್ರ್ ಅಲ್ ಹಯಾತ್’, ಅಂದರೆ ‘ಜೀವನದ ಕಡಲು’ ಎಂಬ ಪರ್ಷಿಯನ್ ಪುಸ್ತಕ ಬರೆದ. ‘ಅಮೃತಕುಂಡ’ ಎಂಬ ಯೋಗಗ್ರಂಥದ ರೂಪಾಂತರ ಅದು. ಮುಂದೆ ಜಹಾಂಗೀರ್ ಆದ ಸಲೀಂ ರಾಜಕುಮಾರನಿಗಾಗಿ 1600ರ ಸುಮಾರಿಗೆ ಅಲಹಾಬಾದಿನಲ್ಲಿ ಇದರ ಸಚಿತ್ರ ಪ್ರತಿ ತಯಾರಾಯಿತು. 21 ಆಸನಗಳ ಚಿತ್ರಗಳಿವೆ. ಯೋಗಿಗಳ ಮಂತ್ರಗಳಿಗೆ ಸರಿಸಾಟಿಯಾಗಿ ಅರಬ್ಬೀ ಭಾಷೆಯ ದೇವರ ಹೆಸರುಗಳನ್ನು ಹೊಂದಿಸಿದ್ದಾರೆ. ಅದೇ ಕಾಲಕ್ಕೆ ನಮ್ಮ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದ ಚಿತ್ರಕಾರನೊಬ್ಬ, ಕೈಯಲ್ಲಿ ಗೊರವಂಕ ಹಿಡಿದು ನಿಂತ ಯೋಗಿನಿಯ ಚಿತ್ರ ಬರೆದ. ಆ ಚಿತ್ರವೂ ಈ ಪುಸ್ತಕವೂ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿವೆ. ಗೌಸ್ ಯೋಗವನ್ನು ಮತವಿಲ್ಲದ ಕಸರತ್ತು ಎಂದುಕೊಳ್ಳಲಿಲ್ಲ. ತನ್ನ ಧರ್ಮವನ್ನೂ ಬಿಡಲಿಲ್ಲ. ತನಗೆ ಬೇಕಾದ ಹೆಸರನ್ನು ಉಸಿರಿಗೆ ಜೋಡಿಸಿಕೊಂಡ, ಅಷ್ಟೇ.

ಹೈದರಾಬಾದಿಗೂ ಯೋಗದ ಕಥೆಯಲ್ಲಿ ಒಂದು ಪುಟ ಇದೆ. ಅಬಿಡ್ಸ್ ಎಂಬ ಹೆಸರು ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಪ್ತ ಸೇವಕ ಆಲ್ಬರ್ಟ್ ಆಬಿದ್ ಅವರ ಅಂಗಡಿಯಿಂದ ಬಂತು, ಗೊತ್ತಲ್ಲ. ಅದೇ ನಿಜಾಮರ ಕಾಲದಲ್ಲಿ, 1893ರ ಫೆಬ್ರುವರಿಯಲ್ಲಿ, ವಿವೇಕಾನಂದರು ಇಲ್ಲಿಗೆ ಬಂದರು. ಅದಕ್ಕೆ ಮುಂಚೆ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು. ಸಿಕಂದರಾಬಾದಿನ ಮಹಬೂಬ್ ಕಾಲೇಜಿನಲ್ಲಿ 13ನೇ ತಾರೀಖು ಭಾಷಣ ಮಾಡಿದರು. ಇಲ್ಲಿದ್ದಾಗ ಒಬ್ಬ ಸಿದ್ಧಪುರುಷನನ್ನು ನೋಡಿದ್ದನ್ನು ಏಳು ವರ್ಷದ ನಂತರ ಲಾಸ್ ಏಂಜಲಿಸ್‌ನ ಉಪನ್ಯಾಸದಲ್ಲಿ ಹೇಳಿದರು. ಆ ಮನುಷ್ಯನಿಗೆ ಜ್ವರ ಬಂದಿತ್ತು. ಸೊಂಟಕ್ಕೆ ಒಂದು ತುಂಡು ಬಟ್ಟೆ, ಮೈಮೇಲೆ ಒಂದು ಹಚ್ಚಡ ಬಿಟ್ಟರೆ ಬೇರೇನೂ ಇಲ್ಲದೆ ಕೂತು, ರಾಶಿ ರಾಶಿ ದ್ರಾಕ್ಷಿ, ಕಿತ್ತಳೆ, ಗುಲಾಬಿ ತೆಗೆದುಕೊಟ್ಟನಂತೆ. ಆ ಕಾಲದ ಜನಕ್ಕೆ ಯೋಗಿ ಎಂದರೆ ಹೆಚ್ಚಾಗಿ ಇದೇ, ಪವಾಡ ಮಾಡುವವನು. ವಿವೇಕಾನಂದರು 1896ರಲ್ಲಿ ‘ರಾಜಯೋಗ’ ಪ್ರಕಟಿಸಿದಾಗ ಯೋಗವನ್ನು ಪರೀಕ್ಷಿಸಿ ನೋಡಬಹುದಾದ ವಿಜ್ಞಾನ ಎಂದು ಮುಂದಿಟ್ಟರು. ನಮ್ಮ ಮೇಷ್ಟ್ರ ಮಾತಿನ ಮೊದಲ ಅರ್ಧ ಅಲ್ಲಿಂದ ಬಂದದ್ದು. ಆದರೆ ಮೈ ಬಗ್ಗಿಸುವ ಹಠಯೋಗವನ್ನು ಅವರು ದೂರವೇ ಇಟ್ಟರು. ಅದರಿಂದ ಆಧ್ಯಾತ್ಮಿಕವಾಗಿ ಹೆಚ್ಚೇನೂ ಆಗದು ಎಂಬುದು ಅವರ ಅಭಿಪ್ರಾಯ. ಇವತ್ತು ಮಹಡಿಯ ಮೇಲೆ ನಾವು ಮಾಡುವುದು ಅವರು ಬೇಡವೆಂದದ್ದನ್ನೇ!

ನಮ್ಮ ಸರ್ಕಾರಗಳೂ ಕೋರ್ಟುಗಳೂ ಈ ಹಗ್ಗದ ಮೇಲೆ ಜೋಪಾನವಾಗಿಯೇ ನಡೆದಿವೆ. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನ ಎಂದು ಸಾರಿದಾಗ 177 ದೇಶಗಳು ಜೊತೆಗೂಡಿದ್ದವು. ಅದರಲ್ಲಿ ಮುಸ್ಲಿಂ ದೇಶಗಳೂ ಸಾಕಷ್ಟಿದ್ದವು. 2015ರ ಮೊದಲ ಯೋಗ ದಿನಕ್ಕೆ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯ ಆಕ್ಷೇಪ ಬಂದಾಗ ಸೂರ್ಯನಮಸ್ಕಾರವನ್ನು ಕಾರ್ಯಕ್ರಮದಿಂದ ಬಿಟ್ಟರು. ಅದೇ ವರ್ಷದ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಯ ‘ದತ್ತಿ ಉದ್ದೇಶ’ಗಳ ಪಟ್ಟಿಗೆ ಶಿಕ್ಷಣ, ವೈದ್ಯಕೀಯ ನೆರವುಗಳ ಪಕ್ಕದಲ್ಲಿ ಯೋಗವೂ ಸೇರಿತು. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅದು ಧಾರ್ಮಿಕ ಉದ್ದೇಶವಲ್ಲ ಎಂದಾಯಿತು. ಶಾಲೆಗಳಲ್ಲಿ ಯೋಗ ಕಡ್ಡಾಯ ಮಾಡಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಹೊರಗಡೆ ನೋಡಿದರೆ, ಮಲೇಷ್ಯಾದ ಫತ್ವಾ ಮಂಡಳಿ 2008ರಲ್ಲಿ ಮುಸ್ಲಿಮರಿಗೆ ಯೋಗ ಕೂಡದು ಎಂದಿತು. ಸೌದಿ ಅರೇಬಿಯಾ 2017ರಲ್ಲಿ ಅದನ್ನು ಕ್ರೀಡೆ ಎಂದು ಒಪ್ಪಿಕೊಂಡಿತು. ಒಂದೇ ಧರ್ಮ, ಎರಡು ಉತ್ತರ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಹೀಗೆ. ಯೋಗದ ಹುಟ್ಟು ಧರ್ಮದ ಅಂಗಳದಲ್ಲೇ, ಹಿಂದೂ, ಬೌದ್ಧ, ಜೈನ ಎಲ್ಲರೂ ಓಡಾಡಿದ ಅಂಗಳ ಅದು. ಅದನ್ನು ಅಲ್ಲಗಳೆದು ‘ಬರೀ ವಿಜ್ಞಾನ’ ಎಂದು ಹೇಳಿ, ಅದೇ ಬಾಯಲ್ಲಿ ಪ್ರಾರ್ಥನೆ ಕಡ್ಡಾಯ ಮಾಡುವುದು ಪ್ರಾಮಾಣಿಕವಲ್ಲ. ಕೃಷ್ಣಮಾಚಾರ್ಯರಿಗೆ ತಮ್ಮ ನಾರಾಯಣನ ಬಗ್ಗೆ ಯಾವ ಮುಚ್ಚುಮರೆಯೂ ಇರಲಿಲ್ಲ. ಆದರೂ ಬೇರೆ ಮತದವರಿಗೆ ಅವರವರ ದೇವರನ್ನೇ ನೆನೆಯಲು ಹೇಳುತ್ತಿದ್ದರು ಎಂದು ಅವರ ಮಗ ದೇಶಿಕಾಚಾರ್ ಹೇಳಿದ್ದಾರೆ. ಇನ್ನೊಂದು ಕಡೆ, ಪದ್ಮಾಸನದ ಹೆಸರು ಅಳಿಸಿದರೆ ಮಾತ್ರ ಯೋಗ ಶುದ್ಧವಾಗುತ್ತದೆ ಎನ್ನುವ ಅಮೆರಿಕದ ರೀತಿಯೂ ನನಗೆ ರುಚಿಸದು. ಕೂತ ಭಂಗಿಗೆ ತಾವರೆಯ ಹೆಸರಿದ್ದರೆ ಯಾರ ನಂಬಿಕೆಗೂ ಧಕ್ಕೆಯಿಲ್ಲ. ಒಬ್ಬರ ಬಾಯಿಂದ ಅವರಿಗೆ ಒಪ್ಪದ ಮಾತನ್ನು ಹೇಳಿಸುವುದು ಬೇರೆ ವಿಷಯ.

ಇದರಲ್ಲಿ ಸ್ವಲ್ಪವನ್ನು ಮೇಷ್ಟ್ರಿಗೆ ಹೇಳಿದೆ. ದತ್ತಾತ್ರೇಯ ಯೋಗಶಾಸ್ತ್ರದ ಮಾತು ಹೇಳಿದಾಗ ಸುಮ್ಮನೆ ಕೇಳಿಸಿಕೊಂಡರು. ಚಾರ್ವಾಕನ ಹೆಸರು ಬಂದಾಗ, “ಅವನೂನಾ?” ಎಂದರು. ಶ್ಲೋಕ ಬಿಡಲಿಲ್ಲ. ಆದರೆ ಮರುದಿನದಿಂದ, “ಹೇಳುವವರು ಹೇಳಿ, ಉಳಿದವರು ಕಣ್ಣು ಮುಚ್ಚಿ ಸುಮ್ಮನೆ ಕೂತಿರಿ,” ಎನ್ನತೊಡಗಿದರು. ನಮ್ಮಲ್ಲೇ ಇಬ್ಬರಿಗೆ ಅದೂ ಹಿಡಿಸಲಿಲ್ಲ, ಒಬ್ಬರು ನನ್ನ ಜೊತೆ ವಾರ ಮಾತು ಬಿಟ್ಟರು.

ಆಪಾಗೆ ಹೋಗಿ ವಿಷಯ ತಿಳಿಸಿದೆ. “ನೋಡ್ತೀನಿ ರೀ,” ಎಂದರು. ಈಗ ಬರುತ್ತಿದ್ದಾರೆ, ಆದರೆ ಆರಕ್ಕಲ್ಲ, ಆರೂ ಹತ್ತಕ್ಕೆ. ಅಷ್ಟು ಹೊತ್ತಿಗೆ ಶ್ಲೋಕ ಮುಗಿದಿರುತ್ತದೆ. ಚಾಪೆ ಹಾಸಲು ಬಾಗಿಲ ಪಕ್ಕದ ಜಾಗವನ್ನು ಮೇಷ್ಟ್ರೇ ಖಾಲಿ ಬಿಡಿಸಿರುತ್ತಾರೆ.